ಹೊಣೆಗಾರಿಕೆಯ ವಿಮೆಯೂ ವಕೀಲರ ಫೀಜೂ
(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರೆಲ್ಲರಿಗೂ ತಿಳಿದದ್ದೇ. ಸೋತವನು ಪರಿಹಾರ ತೆರಬೇಕು, ಸರಿ. ಗೆದ್ದವನು ಏಕೆ ಸೋತ? ವಕೀಲರ ಫೀಜು, ಕಾಗದಪತ್ರಗಳ ಖರ್ಚು, ಸಾಕ್ಷಿಗಳ ಓಡಾಟ, ಕೆಲಸ ಬಿಟ್ಟು ಕಳೆದ ದಿನಗಳು ಇವೆಲ್ಲ ಅವನ ಗಂಟಿನಿಂದಲೇ ಹೋಗುತ್ತವೆ. ವಿಮೆ ಮಾಡಿಸಿದವನ ಪಾಲಿಗೆ ಈ ಖರ್ಚನ್ನು ಹೊರುವವರು ಯಾರು ಎಂಬುದೇ ಈ ಲೇಖನದ ವಿಷಯ.

ಜೀವವಿಮೆ ನಮ್ಮ ಜೀವಕ್ಕೆ, ಬೆಂಕಿಯ ವಿಮೆ ನಮ್ಮ ಆಸ್ತಿಗೆ. ಹೊಣೆಗಾರಿಕೆಯ ವಿಮೆಯಾದರೋ ನಮ್ಮಿಂದ ಅನ್ಯರಿಗಾದ ಹಾನಿಗೆ ಸಂಬಂಧಿಸಿದ್ದು. ಇದರಲ್ಲಿ ಎರಡು ಭರವಸೆಗಳು ಅಡಗಿವೆ. ನ್ಯಾಯಾಲಯ ವಿಧಿಸಿದ ಪರಿಹಾರವನ್ನು ಕೊಡುವುದು ಒಂದು. ದಾವೆಯನ್ನು ಎದುರಿಸುವ ಖರ್ಚನ್ನು ಕೊಡುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಬಲ್ಲವರು ಕಡಮೆ.

ನಮ್ಮ ದೇಶದಲ್ಲಿ ಈ ವಿಮೆ ಜನಸಾಮಾನ್ಯರ ಮನೆ ಹೊಕ್ಕದ್ದು ಮೋಟಾರು ವಾಹನದ ಮೂಲಕ. 1939ರ ಮೋಟಾರು ವಾಹನ ಕಾಯಿದೆಯಲ್ಲಿದ್ದ ಕಡ್ಡಾಯ ವಿಮೆಯ ಅಧ್ಯಾಯ 1946ರಲ್ಲಿ ಜಾರಿಗೆ ಬಂದಿತು. ಈಗ ಅದರ ಸ್ಥಾನದಲ್ಲಿರುವುದು 1988ರ ಕಾಯಿದೆ. ಅದರ 146ನೆಯ ಸೆಕ್ಷನ್ನಿನಂತೆ, ಮೂರನೆಯವರಿಗಾಗುವ ಹಾನಿಗೆ ವಿಮೆ ಮಾಡಿಸದೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು. ಈ ವಿಮಾಪತ್ರದ ಒಕ್ಕಣೆಯನ್ನು ಗಮನಿಸಬೇಕು. ತನ್ನ ಲಿಖಿತ ಒಪ್ಪಿಗೆ ಪಡೆದು ಮಾಡಿದ ಖರ್ಚನ್ನು ಕಂಪೆನಿ ಕೊಡುತ್ತದೆ. ಮೊಕದ್ದಮೆಯನ್ನು ತಾನೇ ವಹಿಸಿಕೊಂಡು ನಡೆಸುವುದು, ಬಿಡುವುದು ಅದರ ಇಚ್ಛೆ. ಸಮನ್ಸು, ನೋಟೀಸು ಏನೇ ಬಂದರೂ ಒಡನೆಯೇ ಅದಕ್ಕೆ ಕಳುಹಿಸಬೇಕು. ಅದರ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳುವುದಾಗಲಿ ರಾಜಿಯ ಹಣ ಕೊಡುವುದಾಗಲಿ ಕೂಡದು.

‘ಲಿಖಿತ ಒಪ್ಪಿಗೆ’ ಎಂಬ ಎರಡು ಪದಗಳ ಬೆಲೆ ನಮ್ಮ ಮನೆಗೆ ತಿಳಿದದ್ದು ತಡವಾಗಿ. ನಮ್ಮ ತಂದೆಯವರು ಸರಕು ಸಾಗಿಸುವ ಆಟೋ ಇಟ್ಟುಕೊಂಡಿದ್ದಾರೆ. ನಾನು ಪಿ.ಯು.ಸಿ. ಓದುತ್ತಿದ್ದಾಗ ಸಂತೆಯ ದಿನ ಅದು ಸೈಕಲ್ ಸವಾರರೊಬ್ಬರಿಗೆ ತಗಲಿ ಅವರ ಕಾಲು ಮುರಿಯಿತು. ಸಮನ್ಸು ಬಂದಾಗ ಅಪ್ಪ ಹೆದರಿ, ಪರಿಚಯದ ವಕೀಲರೊಬ್ಬರನ್ನು ಗೊತ್ತುಮಾಡಿದರು. ಫೀಜಿಗಾಗಿ ಅವ್ವನ ಬಳೆಗಳು ಅಡವಿಗೆ ಹೋದವು. ಗಾಯಗೊಂಡವರಿಗೆ ಪರಿಹಾರವನ್ನು ಕಂಪೆನಿಯೇ ಕೊಟ್ಟಿತು. ಆದರೆ ಫೀಜಿನ ಹಣ ಕೇಳಿದಾಗ, ಮೊದಲು ಒಪ್ಪಿಗೆ ಪಡೆದಿರಲಿಲ್ಲವೆಂಬ ಉತ್ತರ ಬಂದಿತು. ವಿಮಾಪತ್ರದಲ್ಲಿ ಹಾಗೆಯೇ ಇತ್ತು. ಅದು ಇಂಗ್ಲಿಷಿನಲ್ಲಿತ್ತು, ಪೆಟ್ಟಿಗೆಯ ತಳದಲ್ಲಿತ್ತು. ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ, ನಾನೂ ಓದಿರಲಿಲ್ಲ.

ಇನ್ನೊಂದು ಮಾತು. ಕಂಪೆನಿಯ ವಕೀಲರೆಂದರೆ ನಮ್ಮ ವಕೀಲರೇ ಎಂದು ಭಾವಿಸುವುದು ಸರಿಯಲ್ಲ. ಅಪಘಾತ ಪರಿಹಾರದ ನ್ಯಾಯಮಂಡಳಿಯ ಮುಂದೆ ಮಾಲೀಕನೂ ಕಂಪೆನಿಯೂ ಸಾಮಾನ್ಯವಾಗಿ ಬೇರೆ ಬೇರೆ ಪ್ರತಿವಾದಿಗಳು. ಚಾಲಕನಿಗೆ ಸರಿಯಾದ ಲೈಸೆನ್ಸು ಇರಲಿಲ್ಲವೆಂದು ವಾದಿಸಲು ಕಾಯಿದೆ ಕಂಪೆನಿಗೆ ಅವಕಾಶ ಕೊಟ್ಟಿದೆ. ಅಷ್ಟರಿಂದಲೇ ಕಂಪೆನಿ ಪಾರಾಗದು, ಮಾಲೀಕನ ಅಲಕ್ಷ್ಯವನ್ನೂ ಅದು ರುಜುವಾತುಪಡಿಸಬೇಕು ಎಂದು ಸುಪ್ರೀಂ ಕೋರ್ಟು 2004ರಲ್ಲಿ ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ರುಜುವಾತಾದರೆ, ಗಾಯಾಳುವಿಗೆ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಅಪ್ಪಣೆಯಾಗಬಹುದು. ಇಂಥ ವಾದ ಎದ್ದಾಗ ಇಬ್ಬರ ಹಿತವೂ ಬೇರೆಯಾದುದರಿಂದ ಮಾಲೀಕನು ತನ್ನ ವಕೀಲನನ್ನು ತಾನೇ ಹುಡುಕಿಕೊಳ್ಳುವುದು ಅನಿವಾರ್ಯ.

ಇನ್ನು ಮಿತಿಯ ವಿಚಾರ. ಮೋಟಾರು ವಿಮೆಯಲ್ಲಿ ಮೂರನೆಯವರ ಮರಣ, ಗಾಯಗಳ ಪರಿಹಾರಕ್ಕೆ ಮೊತ್ತದ ಮಿತಿಯಿಲ್ಲ. ವೈದ್ಯರೇ ಮೊದಲಾದವರು ಮಾಡಿಸುವ ವೃತ್ತಿ ಹೊಣೆಗಾರಿಕೆಯ ವಿಮೆಯಲ್ಲಿ ಮಿತಿಯುಂಟು. ವೈದ್ಯರ ಸೇವೆಯೂ ಗ್ರಾಹಕ ಕಾಯಿದೆಗೆ ಒಳಪಡುತ್ತದೆಂದು 1995ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ ಈ ವಿಮೆಯ ಅಗತ್ಯ ಹೆಚ್ಚಿತು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ವಕೀಲರ ಫೀಜು ಮಿತಿಯ ಒಳಗೋ ಹೊರಗೋ? ಮಿತಿ 10 ಲಕ್ಷ ರೂಪಾಯಿ, ಮೊಕದ್ದಮೆಯ ಖರ್ಚು 3 ಲಕ್ಷ, ಪರಿಹಾರ 9 ಲಕ್ಷ ಎಂದಿಟ್ಟುಕೊಳ್ಳೋಣ. ಖರ್ಚು ಹೊರಗಿದ್ದರೆ ಕಂಪೆನಿ 12 ಲಕ್ಷವನ್ನೂ ಕೊಡುತ್ತದೆ. ಒಳಗಿದ್ದರೆ ಪರಿಹಾರಕ್ಕೆ ಉಳಿಯುವುದು 7 ಲಕ್ಷ. ಮಿಕ್ಕ 2 ಲಕ್ಷ ವಿಮೆದಾರನ ತಲೆಯ ಮೇಲೆ. ವ್ಯಾಜ್ಯ ಬೆಳೆದಷ್ಟೂ ರಕ್ಷಣೆ ಸವೆಯುತ್ತದೆ. ನಮ್ಮಲ್ಲಿ ಇಂಥ ವಿಮಾಪತ್ರಗಳು ಸಾಮಾನ್ಯವಾಗಿ ಖರ್ಚನ್ನು ಮಿತಿಯ ಒಳಗೇ ಎಣಿಸುತ್ತವೆ.

ಅಮೆರಿಕದಲ್ಲಿ ವ್ಯಾಪಾರಸ್ಥರು ಕೊಳ್ಳುವ ಸಾಮಾನ್ಯ ಹೊಣೆಗಾರಿಕೆಯ ವಿಮೆಯ ರೀತಿಯೇ ಬೇರೆ. ಅಲ್ಲಿ ಪ್ರತಿವಾದ ನಡೆಸುವುದು ಕಂಪೆನಿಯ ಹಕ್ಕೂ ಹೌದು, ಕರ್ತವ್ಯವೂ ಹೌದು. ಅದರ ಖರ್ಚು ಮಿತಿಯ ಹೊರಗೆ. ವಿಮೆಯ ವ್ಯಾಪ್ತಿಗೆ ಬರುವಂಥ ಆರೋಪವಿದ್ದರೆ ಸಾಕು, ಅದು ಹುರುಳಿಲ್ಲದ್ದಾದರೂ ಕಂಪೆನಿ ವಕೀಲರನ್ನು ಕೊಡಬೇಕು. ಸುಳ್ಳು ದಾವೆಯನ್ನು ಗೆಲ್ಲುವುದಕ್ಕೂ ಹಣ ಬೇಕಷ್ಟೆ! ನಮ್ಮ ಗಾದೆಯ ಮೊದಲರ್ಧಕ್ಕೆ ಮದ್ದು ಇದೇ.

ಮಿತ್ರರೇ, ನಮ್ಮಲ್ಲಿ ಅನೇಕರು ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗರು. ಈ ರಜೆಯಲ್ಲಿ ಊರಿಗೆ ಹೋದಾಗ ಪೆಟ್ಟಿಗೆಯಲ್ಲಿರುವ ವಿಮಾಪತ್ರವನ್ನು ಹೊರತೆಗೆದು ಓದಿ, ಮನೆಯವರಿಗೆ ಕನ್ನಡದಲ್ಲಿ ಹೇಳೋಣ. ಸಮನ್ಸು ಬಂದ ದಿನವೇ ಕಂಪೆನಿಗೆ ಬರೆದು ತಿಳಿಸಬೇಕು, ವಕೀಲರನ್ನು ಗೊತ್ತುಮಾಡುವ ಮುನ್ನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು, ಕಳುಹಿಸಿದ್ದರ ನಕಲು ಇಟ್ಟುಕೊಳ್ಳಬೇಕು. ಇಷ್ಟು ತಿಳಿದಿದ್ದರೆ ನಮ್ಮ ಅವ್ವನ ಬಳೆಗಳು ಮನೆಯಲ್ಲೇ ಇರುತ್ತಿದ್ದವು. ಓದಿದ ವಿದ್ಯೆ ಮನೆಯವರಿಗೆ ಇಷ್ಟಾದರೂ ಒದಗಲಿ.