ಹಳೆಯ ಚಕ್ಕಡಿಗೆ ಹೊಸ ಎತ್ತು

ಚಕ್ಕಡಿಯ ಎತ್ತಿಗೆ ವಯಸ್ಸಾದರೆ ರೈತ ಸಂತೆಗೆ ಹೋಗಿ ಬೇರೆ ಜೋಡಿ ತರುತ್ತಾನೆ. ಅಚ್ಚು ಸವೆದರೆ ಅಚ್ಚು, ಗಾಲಿ ಮುರಿದರೆ ಗಾಲಿ ಹೊಸದಾಗುತ್ತದೆ. ಆದರೂ ಮನೆಮಂದಿಗೆ ಅದು ‘ಅಜ್ಜನ ಚಕ್ಕಡಿ’ಯೇ. ಗದಗ ತಾಲ್ಲೂಕಿನ ಸೊರಟೂರ, ಅದರ ಆಚೀಚಿನ ಮುಳಗುಂದ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಎರೆಭೂಮಿಯಲ್ಲಿ ಬೆಳೆದ ಹತ್ತಿ, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿಗಳನ್ನು ಪೇಟೆಗೆ ಮುಟ್ಟಿಸಿದ್ದು ಮೊದಲು ಚಕ್ಕಡಿ. ಆಮೇಲೆ ಲಾರಿ, ಟ್ರ್ಯಾಕ್ಟರು, ಜೀಪು, ಪಿಕಪ್. ವಾಹನ ಬದಲಾಯಿತೇ ಹೊರತು ಅದನ್ನು ನೋಡುವ ಕಣ್ಣು ಬದಲಾಗಲಿಲ್ಲ. ಹಳೆಯ ಗಾಡಿಯ ಎಂಜಿನ್ ಕೈಕೊಟ್ಟರೆ ಗಾಡಿಯನ್ನು ಎಸೆಯುವುದಿಲ್ಲ. ಬೇರೆ ಎಂಜಿನ್ ಹೂಡುತ್ತಾರೆ.

ಈ ರೂಢಿಗೆ ನಮ್ಮಲ್ಲಿ ಬಲ ಬಂದದ್ದಕ್ಕೆ ಕಾರಣ ಇಂಧನದ ಲೆಕ್ಕ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಅದೇ ವಂಶದ ಎಫ್.ಸಿ.-150 ಎಂಬ ಪಿಕಪ್ ಕೂಡ ಇಲ್ಲಿ ತಯಾರಾಯಿತು. ಮುಂದೆ ಮೂತಿಯಿಲ್ಲದ, ಚಾಲಕನ ಪಕ್ಕದಲ್ಲೇ ಎಂಜಿನ್ ಇರುವ ಗಿಡ್ಡ ಗಾಡಿ ಅದು. ಇವುಗಳ ಹೊಟ್ಟೆಯಲ್ಲಿದ್ದದ್ದು 2,199 ಸಿ.ಸಿ.ಯ ‘ಹರಿಕೇನ್’ ಪೆಟ್ರೋಲ್ ಎಂಜಿನ್. ಗಟ್ಟಿ ಎಂಜಿನ್ ನಿಜ, ಆದರೆ ಹಸಿವು ಹೆಚ್ಚು. 1973ರ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾದಾಗ ಆ ಹಸಿವು ಮಾಲೀಕನ ಕಿಸೆಗೆ ತಟ್ಟಿತು. ಸರ್ಕಾರ ಡೀಸೆಲ್ ಬೆಲೆಯನ್ನು ಪೆಟ್ರೋಲಿಗಿಂತ ಬಹಳ ಕೆಳಗೆ ಹಿಡಿದಿಟ್ಟಿತ್ತು. ಅದರ ಮೇಲೆ, ಡೀಸೆಲ್ ಎಂಜಿನ್ ಅಷ್ಟೇ ಕೆಲಸಕ್ಕೆ ಕಡಿಮೆ ಎಣ್ಣೆ ಕುಡಿಯುತ್ತದೆ. ಗಾಳಿಯನ್ನು ಇಪ್ಪತ್ತು ಪಟ್ಟಿನವರೆಗೆ ಒತ್ತಿ, ಆ ಬಿಸಿಯಿಂದಲೇ ಎಣ್ಣೆಗೆ ಕಿಡಿ ಹೊತ್ತಿಸುವ ಯಂತ್ರ ಅದು. ಹಳೆಯ ಪೆಟ್ರೋಲ್ ಎಂಜಿನ್ ಒತ್ತುತ್ತಿದ್ದದ್ದು ಏಳು ಪಟ್ಟಿನ ಸುಮಾರು ಮಾತ್ರ.

ಕಂಪನಿಗಳೂ ಇದೇ ದಾರಿ ಹಿಡಿದವು. ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ವಂಶದ ಡೀಸೆಲ್ ಎಂಜಿನ್ ಜೀಪಿಗೆ ಬಂತು. ಫ್ರಾನ್ಸಿನ ಪ್ಯೂಜೊ ಕಂಪನಿಯ ಪರವಾನಗಿಯಲ್ಲಿ ತಯಾರಾದ 2,112 ಸಿ.ಸಿ.ಯ ಎಂಜಿನ್ನೂ ಬಂತು. ಕಾರ್ಖಾನೆ ಹೊಸ ಗಾಡಿಗೆ ಮಾಡಿದ್ದನ್ನೇ ಊರೂರಿನ ಮಿಸ್ತ್ರಿಗಳು ಹಳೆಯ ಗಾಡಿಗೆ ಮಾಡಿದರು.

ಕೇಳಲು ಇದು ಸುಲಭ: ಒಂದನ್ನು ಇಳಿಸು, ಇನ್ನೊಂದನ್ನು ಏರಿಸು. ಆದರೆ ಎತ್ತು ಬದಲಾದರೆ ನೊಗವೂ ಹೊಂದಬೇಕಲ್ಲವೇ? ಎಂಜಿನ್ನಿಗೂ ಗಾಲಿಗೂ ನಡುವಿನ ನೊಗವೇ ಗೇರ್‌ಬಾಕ್ಸ್. ಒಂದು ಕಂಪನಿಯ ಎಂಜಿನ್ನಿನ ಹಿಂಬದಿಯ ಬೋಲ್ಟಿನ ತೂತುಗಳಿಗೂ ಇನ್ನೊಂದು ಕಂಪನಿಯ ಗೇರ್‌ಬಾಕ್ಸಿನ ಮುಂಬದಿಗೂ ತಾಳೆಯಾಗುವುದಿಲ್ಲ. ಆಗ ಲೇತ್ ಅಂಗಡಿಯಲ್ಲಿ ದಪ್ಪ ಉಕ್ಕಿನ ತಟ್ಟೆಯೊಂದನ್ನು ಕೊರೆಸಿ ನಡುವೆ ಕೂಡಿಸಬೇಕು. ಗೇರ್‌ಬಾಕ್ಸಿನ ಮುಂದಿನ ಶಾಫ್ಟು ಎಂಜಿನ್ನಿನ ಕ್ರ್ಯಾಂಕಿನ ನಟ್ಟನಡುವೆ ಕೂರಬೇಕು. ಕೂದಲೆಳೆಯಷ್ಟು ಸೊಟ್ಟಗಾದರೂ ಬೇರಿಂಗು, ಕ್ಲಚ್ ಪ್ಲೇಟು ಬೇಗನೆ ಹಾಳಾಗುತ್ತವೆ. ಆದ್ದರಿಂದಲೇ ಬಲ್ಲ ಮಿಸ್ತ್ರಿ ಎಂಜಿನ್ನನ್ನು ಅದರದೇ ಗೇರ್‌ಬಾಕ್ಸಿನೊಡನೆ ಕೇಳುತ್ತಾನೆ. 1990ರ ದಶಕದ ಆರಂಭದಲ್ಲಿ ಅಂಬಾಸಿಡರ್ ಕಾರಿಗೆ ಜಪಾನಿನ ಇಸುಜು ಎಂಜಿನ್ ಬಂದಾಗ ಅದರ ಜತೆ ಐದು ಗೇರುಗಳ ಹೊಸ ಗೇರ್‌ಬಾಕ್ಸೂ ಬಂದಿತ್ತು.

ಹೊಂದಾಣಿಕೆಯ ಇನ್ನೊಂದು ತೊಡಕು ಕಣ್ಣಿಗೆ ಕಾಣದು. ಹಳೆಯ ಜೀಪಿನ ಪ್ರೊಪೆಲ್ಲರ್ ಶಾಫ್ಟು 5.38 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತದೆ. ಗಾಲಿಯ ಒಂದು ಸುತ್ತಿಗೆ ಗಾಡಿ ಸಾಗುವುದು ಸುಮಾರು ಎರಡೂಕಾಲು ಮೀಟರ್. ಮೇಲಿನ ಗೇರಿನಲ್ಲಿ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ವೇಗ ಗಂಟೆಗೆ ಸುಮಾರು 100 ಕಿ.ಮೀ. ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್ 3,000 ಸುತ್ತಿಗೇ ಸಾಕೆನ್ನುವಂಥದು. ಅದನ್ನು ಹಾಗೆಯೇ ಕೂರಿಸಿದರೆ ಅದೇ ಗಾಡಿ 75ಕ್ಕೆ ನಿಲ್ಲುತ್ತದೆ. ಕೆಸರಿನಿಂದ ಹೇರು ಎಳೆಯಲು ಒಳ್ಳೆಯದು. ಹೆದ್ದಾರಿಯಲ್ಲಿ ಎಂಜಿನ್ ಒಂದೇ ಸಮನೆ ಒದರುತ್ತದೆ. ಅದಕ್ಕೆ ಮದ್ದು ಕ್ರೌನ್-ಪಿನಿಯನ್ ಬದಲಾವಣೆ: 4.27ರ ಜೋಡಿ ಹಾಕಿದರೆ ಅದೇ 3,000 ಸುತ್ತಿಗೆ ವೇಗ 95ರ ಹತ್ತಿರ. ಆದರೆ ನಾಲ್ಕೂ ಗಾಲಿ ಎಳೆಯುವ ಗಾಡಿಯಾದರೆ ಹಿಂದಿನದನ್ನಷ್ಟೇ ಬದಲಿಸಿ ಸುಮ್ಮನಿರುವಂತಿಲ್ಲ, ಮುಂದಿನದನ್ನೂ ಬದಲಿಸಬೇಕು. ಇಲ್ಲವಾದರೆ ಮುಂದಿನ ಗಾಲಿ ಒಂದು ಲೆಕ್ಕ, ಹಿಂದಿನದು ಇನ್ನೊಂದು ಲೆಕ್ಕ ಹಿಡಿದು ನಡುವಿನ ಹಲ್ಲುಗಳು ಮುರಿಯುತ್ತವೆ.

ಇಷ್ಟಕ್ಕೇ ಮುಗಿಯಲಿಲ್ಲ. ಡೀಸೆಲ್ ಎಂಜಿನ್ ಭಾರ. ಮುಂದಿನ ಸ್ಪ್ರಿಂಗ್ ಪಟ್ಟಿಗಳು ಕುಗ್ಗುತ್ತವೆ. ಅದರ ನಡುಕ ಹೆಚ್ಚು; ಕೆಳಗಿನ ರಬ್ಬರುಗಳು ಬೇರೆ ಬೇಕು. ಅದನ್ನು ಎಬ್ಬಿಸಲು ದೊಡ್ಡ ಬ್ಯಾಟರಿ ಬೇಕು. ಪಂಪಿನಿಂದ ಮಿಕ್ಕ ಎಣ್ಣೆ ಟ್ಯಾಂಕಿಗೆ ಮರಳಲು ಇನ್ನೊಂದು ಪೈಪು ಬೇಕು. ಗೇರ್‌ಬಾಕ್ಸ್ ಉದ್ದವಾದರೆ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಬೆಸೆದು, ತೂಕ ಸರಿಹೊಂದಿಸಬೇಕು. ಎಫ್.ಸಿ.-150ರಂಥ ಗಾಡಿಯಲ್ಲಂತೂ ಎಂಜಿನ್ ಎತ್ತರವಾದಷ್ಟೂ ಕಾವು ಮತ್ತು ಸದ್ದು ಚಾಲಕನ ಮೊಣಕಾಲಿಗೇ ಬಂದು ತಟ್ಟುತ್ತದೆ.

ಇದೆಲ್ಲ ಕೈಗೂಡಿದ ಮೇಲೆ ಕಾಗದದ ಮಾತು. ಚಕ್ಕಡಿಗೆ ಆರ್.ಸಿ. ಪುಸ್ತಕವಿಲ್ಲ; ಪಿಕಪ್ಪಿಗೆ ಇದೆ. ಅದರಲ್ಲಿ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಇಂಧನ ಯಾವುದೆಂಬುದು, ಎಲ್ಲವೂ ದಾಖಲಾಗಿವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಇವನ್ನು ಮನಬಂದಂತೆ ಬದಲಿಸುವಂತಿಲ್ಲ. ಒಪ್ಪಿಗೆ ಇಲ್ಲದೆ ಎಂಜಿನ್ ಬದಲಾಗಿದ್ದರೆ 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ನಮೂದಾಗದ ಎಂಜಿನ್ ಹೊತ್ತ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಇನ್ನೊಂದು ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ವಾಹನವನ್ನು ‘ವಿಂಟೇಜ್’ ಎಂದು ಬೇರೆಯಾಗಿಯೇ ನೋಂದಾಯಿಸಬಹುದು. ಅದರ ಷರತ್ತು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅಂದರೆ ಕೊಟ್ಟಿಗೆಯಲ್ಲಿ ತಣ್ಣಗೆ ನಿಂತಿದ್ದ ಗಾಡಿಗೆ ಈ ಗೌರವ ಸಿಗುತ್ತದೆ. ಹೊಸ ಎಂಜಿನ್ ಹೊತ್ತು ದಶಕಗಳ ಕಾಲ ಹೇರು ಎಳೆದ ಗಾಡಿಗೆ ಸಿಗುವುದಿಲ್ಲ. ನಿಯಮಕ್ಕೆ ಅದರದೇ ತರ್ಕವಿದೆ: ಮೂಲರೂಪದ ಯಂತ್ರ ಒಮ್ಮೆ ಕಳೆದುಹೋದರೆ ಮತ್ತೆ ಸಿಗದು. ಆದರೆ ನಮ್ಮ ಸೀಮೆಯ ವಾಹನಗಳ ಚರಿತ್ರೆ ಮೂಲರೂಪದಲ್ಲಷ್ಟೇ ಇಲ್ಲ. ಪೆಟ್ರೋಲ್ ಎಂಜಿನ್ನಿನ ಜಾಗದಲ್ಲಿ ಕೂತ ಟ್ರ್ಯಾಕ್ಟರ್ ಎಂಜಿನ್, ಲೇತಿನಲ್ಲಿ ಕೊರೆದ ಆ ತಟ್ಟೆ, ಇವು ತೈಲಬೆಲೆಯ ಹೊಡೆತಕ್ಕೆ ರೈತ, ಮಿಸ್ತ್ರಿ ಸೇರಿ ಕೊಟ್ಟ ಉತ್ತರ. ಅದೂ ಚರಿತ್ರೆಯೇ.

ಈಗ ಆ ಕಾಲದ ಲೆಕ್ಕವೂ ಬದಲಾಗಿದೆ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರಿ ಹಿಡಿತ 2010ರಲ್ಲಿ, ಡೀಸೆಲ್ ಬೆಲೆಯದು 2014ರಲ್ಲಿ ಸಡಿಲಗೊಂಡ ಮೇಲೆ ಎರಡರ ನಡುವಿನ ಅಂತರ ಕಿರಿದಾಯಿತು. ಅಪರೂಪಕ್ಕೆ ಓಡುವ ಹಳೆಯ ಪೆಟ್ರೋಲ್ ಪಿಕಪ್ಪಿಗೆ ಇಂದು ಡೀಸೆಲ್ ಎಂಜಿನ್ ಕೂರಿಸಿದರೆ ಖರ್ಚು ಮರಳುವುದು ಕಷ್ಟ. ಇರುವ ಎಂಜಿನ್ನಿಗೇ ಬೋರು, ಪಿಸ್ಟನ್ ಮಾಡಿಸುವುದು ಲೇಸು. ಬದಲಿಸಲೇಬೇಕಾಗಿ ಬಂದರೆ ಮೊದಲು ಆರ್.ಟಿ.ಓ. ಕಚೇರಿಯ ಒಪ್ಪಿಗೆ, ಆಮೇಲೆ ಪಾನಾ. ಇಳಿಸಿದ ಹಳೆಯ ಎಂಜಿನ್ನು, ಗೇರ್‌ಬಾಕ್ಸುಗಳನ್ನು ಗುಜರಿಯ ತಕ್ಕಡಿಗೆ ಹಾಕಬೇಡಿ. ಎಣ್ಣೆ ಸವರಿ, ಗೋಣಿಚೀಲ ಸುತ್ತಿ, ಯಾವಾಗ ಇಳಿಸಿದ್ದೆಂದು ಚೀಟಿ ಬರೆದು ಮೂಲೆಯಲ್ಲಿಡಿ. ಎತ್ತನ್ನು ಮಾರಿದ ಮೇಲೆ ಮರಳಿ ತರಲಾಗದು. ಎಂಜಿನ್ನನ್ನು ಮೊಮ್ಮಗ ಮತ್ತೆ ಏರಿಸಬಹುದು.