ಪಾಪುವಿನ ಡಬ್ಬಿ, ಮನೆಗೆಲ್ಲ ಉಪಯೋಗ

ಮಗು ಬೆಳೆದರೂ ಮುಗಿಯದ ಎಣ್ಣೆ, ಪೌಡರ್, ಶಾಂಪೂ, ಕ್ರೀಮುಗಳನ್ನು ಎಸೆಯುವ ಮುನ್ನ ಇದನ್ನು ಓದಿ. ಅಂದಕ್ಕೂ ಅಚ್ಚುಕಟ್ಟಿಗೂ ಅವು ಒದಗಿಬರುವ ದಾರಿಗಳು ಹಲವು.

ತೊಟ್ಟಿಲ ಶಾಸ್ತ್ರ ಮುಗಿದ ಮನೆಯ ಕಪಾಟಿನಲ್ಲಿ ಬೇಬಿ ಕಿಟ್‌ಗಳ ಸಾಲೇ ಇರುತ್ತದೆ. ಮೈ ನೀವಲು ಅಜ್ಜಿಗೆ ಕೊಬ್ಬರಿ ಎಣ್ಣೆಯೇ ಆಗಬೇಕು, ಸ್ನಾನಕ್ಕೆ ಹೆಸರುಹಿಟ್ಟೇ ಬೇಕು. ಹೀಗಾಗಿ ಉಡುಗೊರೆಯಾಗಿ ಬಂದ ಸೀಸೆಗಳು ಅರ್ಧ ಖಾಲಿಯಾಗುವಷ್ಟರಲ್ಲಿ ಮಗು ಅಂಬೆಗಾಲು ದಾಟಿ ಓಡಾಡುತ್ತಿರುತ್ತದೆ.

ಸೀಸೆಯ ಮುಂಭಾಗದಲ್ಲಿ ನಗುವ ಮಗುವಿನ ಚಿತ್ರವಿದ್ದರೆ ಹಿಂಭಾಗದಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ನಮಗೆ ದಾರಿ ತೋರುವುದು ಆ ಪಟ್ಟಿಯೇ. ಒಳಗಿರುವುದು ಏನು, ಅದರ ಗುಣವೇನು ಎಂದು ತಿಳಿದರೆ ಎಲ್ಲಿ ಬಳಸಬಹುದು, ಎಲ್ಲಿ ಕೂಡದು ಎಂಬ ಎರಡೂ ಸ್ಪಷ್ಟವಾಗುತ್ತವೆ.

ಎಣ್ಣೆ: ಅಂಟಿದ್ದನ್ನು ಬಿಡಿಸುತ್ತದೆ

ಮಾರುಕಟ್ಟೆಯ ಅನೇಕ ಬೇಬಿ ಆಯಿಲ್‌ಗಳಲ್ಲಿ ಇರುವುದು ಖನಿಜ ತೈಲ, ಅಂದರೆ ಲಿಕ್ವಿಡ್ ಪ್ಯಾರಾಫಿನ್, ಜತೆಗೆ ಒಂದಿಷ್ಟು ಸುವಾಸನೆ. ಇದು ಬೇಗ ಕಮಟು ಹಿಡಿಯುವುದಿಲ್ಲ, ಕೊಬ್ಬರಿ ಎಣ್ಣೆಯಂತೆ ಚಳಿಗೆ ಹೆಪ್ಪುಗಟ್ಟುವುದೂ ಇಲ್ಲ. ಚರ್ಮದ ಮೇಲೆ ತೆಳುವಾದ ಪದರ ಕಟ್ಟಿ, ಒಳಗಿನ ನೀರಿನಂಶ ಆರಿಹೋಗದಂತೆ ತಡೆಯುತ್ತದೆ. ಆದ್ದರಿಂದ ಇದನ್ನು ಒಣಗಿದ ಮೈಗೆ ಹಚ್ಚುವುದಕ್ಕಿಂತ, ಸ್ನಾನವಾದ ಕೂಡಲೇ ಮೈಯಲ್ಲಿ ತೇವ ಇರುವಾಗಲೇ ಸವರಿಕೊಳ್ಳುವುದು ಮೇಲು. ಚಳಿಗಾಲದಲ್ಲಿ ಬಿರಿಯುವ ಮೊಣಕೈ, ಮೊಣಕಾಲುಗಳಿಗೆ ನಾಲ್ಕು ಹನಿ ಸಾಕು.

ಹಲಸಿನ ಹಣ್ಣು ಬಿಡಿಸುವವರು ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುತ್ತಾರೆ. ನೀರಿಗೆ ಜಗ್ಗದ ಮೇಣ ಎಣ್ಣೆಗೆ ಸಡಿಲವಾಗುತ್ತದೆ. ಬೇಬಿ ಆಯಿಲ್‌ನ ಬಹುತೇಕ ಉಪಯೋಗಗಳ ಹಿಂದೆ ಇರುವುದೂ ಇದೇ ತತ್ವ. ಹೊಸ ಸ್ಟೀಲ್ ಡಬ್ಬಿಯ ಮೇಲಿನ ಬೆಲೆಚೀಟಿಯ ಅಂಟು, ವ್ಯಾಕ್ಸಿಂಗ್ ಆದ ಮೇಲೆ ಉಳಿದ ಮೇಣ, ಚರ್ಮಕ್ಕೆ ಗಟ್ಟಿಯಾಗಿ ಹಿಡಿದ ಬ್ಯಾಂಡೇಜು ಎಲ್ಲವೂ ಎಣ್ಣೆಯಲ್ಲಿ ಅದ್ದಿದ ಹತ್ತಿಗೆ ಬಿಟ್ಟುಕೊಳ್ಳುತ್ತವೆ. ನೀರಿಗೆ ಹೋಗದ ಲಿಪ್‌ಸ್ಟಿಕ್ಕೂ ಅಷ್ಟೆ. ಬಿಗಿಯಾದ ಬಳೆ ತೊಡುವಾಗ, ಉಂಗುರ ಸಿಕ್ಕಿಕೊಂಡಾಗಲೂ ಇದು ನೆರವಿಗೆ ಬರುತ್ತದೆ. ಬಾಗಲಕೋಟೆಯಂಥ ಊರಿನ ಹೋಳಿಯಾಟಕ್ಕೆ ಇಳಿಯುವ ಮುನ್ನ ಕೈಕಾಲು, ಕೂದಲಿಗೆ ಎಣ್ಣೆ ಹಚ್ಚಿಕೊಂಡರೆ ಬಣ್ಣ ತೊಳೆಯುವುದು ಸುಲಭ. ಸ್ಟೀಲ್ ಸಿಂಕನ್ನು ಒರೆಸಿ ಒಣಗಿಸಿ, ಬಟ್ಟೆಗೆ ಎರಡು ಹನಿ ಹಾಕಿ ಉಜ್ಜಿದರೆ ನೀರಿನ ಕಲೆ ಮರೆಯಾಗಿ ಹೊಳಪು ಬರುತ್ತದೆ. ಆದರೆ ಇದು ತಿನ್ನುವ ಎಣ್ಣೆಯಲ್ಲ. ಪಾತ್ರೆಗೆ ಬಳಸಿದರೆ ಸೋಪು ಹಾಕಿ ತೊಳೆಯಲೇಬೇಕು.

ಪೌಡರ್: ಜಿಡ್ಡು ಹೀರುತ್ತದೆ

ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಬೇಬಿ ಪೌಡರ್ ಮಾರುಕಟ್ಟೆಗೆ ಬಂದದ್ದು 1894ರಲ್ಲಿ. ಆಗ ಅದರ ಮೂಲ ಟಾಲ್ಕ್ ಎಂಬ ಖನಿಜವಾಗಿತ್ತು. ಕ್ಯಾನ್ಸರ್ ಆರೋಪದ ಸಾವಿರಾರು ಮೊಕದ್ದಮೆಗಳ ನಡುವೆ ಕಂಪನಿ 2020ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ, 2023ರಲ್ಲಿ ಜಗತ್ತಿನಾದ್ಯಂತ ಟಾಲ್ಕ್ ಪೌಡರ್ ನಿಲ್ಲಿಸಿ ಮೆಕ್ಕೆಜೋಳದ ಪಿಷ್ಟಕ್ಕೆ ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಟಾಲ್ಕನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ವರ್ಗಕ್ಕೆ ಸೇರಿಸಿತು. ಹಾಗಾಗಿ ಡಬ್ಬಿಯಲ್ಲಿ ಟಾಲ್ಕ್ ಇದೆಯೋ ಪಿಷ್ಟ ಇದೆಯೋ ನೋಡಿಕೊಳ್ಳಿ. ಮೈಗೆ, ತಲೆಗೆ ಬಳಸುವುದಾದರೆ ಪಿಷ್ಟದ್ದೇ ಇರಲಿ.

ಮದುವೆಯೂಟದ ತುಪ್ಪ ರೇಷ್ಮೆ ಸೀರೆಯ ಮೇಲೆ ಬಿದ್ದರೆ ನೀರು ಹಚ್ಚಿ ಉಜ್ಜಬೇಡಿ. ಟಿಶ್ಯೂ ಒತ್ತಿ ಮೇಲಿನ ಜಿಡ್ಡು ತೆಗೆದು, ಕಲೆಯ ಮೇಲೆ ದಪ್ಪಗೆ ಪೌಡರ್ ಹಾಕಿ ಕೆಲವು ಗಂಟೆ ಬಿಡಿ. ಪುಡಿ ಜಿಡ್ಡನ್ನು ಹೀರಿಕೊಂಡ ಮೇಲೆ ಮೆತ್ತನೆಯ ಬ್ರಷ್‌ನಿಂದ ಕೊಡವಿ. ಮೈಸೂರು ಸಿಲ್ಕ್‌ನಂಥ ಬೆಲೆಬಾಳುವ ಸೀರೆಗೆ ಇದು ಪ್ರಥಮ ಚಿಕಿತ್ಸೆ ಮಾತ್ರ. ಮುಂದಿನ ಕೆಲಸ ಡ್ರೈಕ್ಲೀನಿಂಗ್‌ನವರದು.

ತಲೆಸ್ನಾನಕ್ಕೆ ಬಿಡುವಿಲ್ಲದ ಬೆಳಿಗ್ಗೆ ಬೈತಲೆಯ ಅಕ್ಕಪಕ್ಕ ಬೆರಳ ತುದಿಯಿಂದ ಚಿಟಿಕೆ ಪಿಷ್ಟದ ಪೌಡರ್ ಸವರಿ ಬಾಚಿದರೆ ಜಿಡ್ಡು ಮಾಯ. ಮಲ್ಪೆ ಕಡಲತೀರದಲ್ಲಿ ಆಡಿಬಂದ ಮಕ್ಕಳ ಕಾಲಿಗೆ ಸ್ವಲ್ಪ ಸವರಿ: ತೇವ ಆರಿ ಮರಳು ತಾನಾಗಿ ಉದುರುತ್ತದೆ. ಒಂದಕ್ಕೊಂದು ಅಂಟಿಕೊಳ್ಳುವ ರಬ್ಬರ್ ಗ್ಲೌಸ್‌ಗಳ ಒಳಗೂ ಚಿಟಿಕೆ ಸಾಕು.

ಶಾಂಪೂ: ಮೆಲ್ಲಗೆ ಕೊಳೆ ಎತ್ತುತ್ತದೆ

ಬೇಬಿ ಶಾಂಪೂ ಕಣ್ಣು ಉರಿಸದಿರಲು ಕಾರಣ ಅದರ ಸೌಮ್ಯ ನೊರೆಕಾರಕಗಳು. ಕೊಬ್ಬರಿ ಎಣ್ಣೆಯ ಮೂಲದಿಂದ ತಯಾರಾಗುವ ಕೋಕಮಿಡೋಪ್ರೊಪೈಲ್ ಬೀಟೇನ್ ಅವುಗಳಲ್ಲಿ ಮುಖ್ಯವಾದದ್ದು. ನಮ್ಮ ಹಿರಿಯರು ರೇಷ್ಮೆ, ಉಣ್ಣೆಗಳನ್ನು ಅಂಟುವಾಳದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದುದೂ ಇಂಥ ಸೌಮ್ಯ ನೊರೆಗಾಗಿಯೇ.

ಮೇಕಪ್ ಬ್ರಷ್‌ಗಳಿಗೆ ಇದಕ್ಕಿಂತ ಸುಲಭದ ಶುಚಿ ಇಲ್ಲ. ಬೆಚ್ಚನೆಯ ನೀರಿಗೆ ಕೆಲವು ಹನಿ ಬೆರೆಸಿ, ಕೂದಲಿನ ತುದಿಯನ್ನಷ್ಟೇ ಅದ್ದಿ, ಅಂಗೈ ಮೇಲೆ ಮೆಲ್ಲಗೆ ತಿರುಗಿಸಿ, ತೊಳೆದು ಅಡ್ಡಡ್ಡ ಮಲಗಿಸಿ ಒಣಗಿಸಿ. ಹಿಡಿಯೊಳಗೆ ನೀರು ಇಳಿದರೆ ಅಂಟು ಸಡಿಲವಾಗುತ್ತದೆ. ಬಾಚಣಿಗೆ, ಸ್ವೆಟರ್, ಬರಿಯ ಚಿನ್ನದ ಬಳೆ, ಸರಗಳಿಗೂ ಇದೇ ನೀರು ಒಗ್ಗುತ್ತದೆ. ಆಭರಣದ ಸಂದುಗಳಿಗೆ ಪಾಪುವಿನ ಹಳೆಯ ಮೃದು ಬ್ರಷ್ ಬಳಸಿ. ಮುತ್ತು, ಹವಳ, ಅಂಟಿನಿಂದ ಕೂರಿಸಿದ ಹರಳುಗಳನ್ನು ಮಾತ್ರ ನೀರಿನಲ್ಲಿ ನೆನೆಸಬಾರದು.

ಕಡಲಿನಲ್ಲೂ ಇದಕ್ಕೆ ಕೆಲಸವಿದೆ. ಸ್ಕೂಬಾ ಡೈವಿಂಗ್ ಮಾಡುವವರು ಮುಖಗವಸಿನ ಗಾಜಿನ ಒಳಮೈಗೆ ನೀರು ಬೆರೆಸಿದ ಬೇಬಿ ಶಾಂಪೂ ಸವರಿ ತೊಳೆದುಬಿಡುತ್ತಾರೆ. ಉಳಿಯುವ ತೆಳು ಪದರ ಗಾಜು ಮಬ್ಬಾಗದಂತೆ ನೋಡಿಕೊಳ್ಳುತ್ತದೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಡುವವರು ನೆನಪಿಟ್ಟುಕೊಳ್ಳಬಹುದಾದ ಉಪಾಯವಿದು.

ಕ್ರೀಮು, ಜೆಲ್ಲಿ: ಮರೆ ಕಟ್ಟುತ್ತವೆ

ಅಮೆರಿಕದ ತೈಲಬಾವಿಗಳ ಕೆಲಸಗಾರರು ಸರಳುಗಳಿಗೆ ಅಂಟುವ ಮೇಣವನ್ನು ಗಾಯಕ್ಕೆ ಹಚ್ಚುವುದನ್ನು ಕಂಡ ರಾಬರ್ಟ್ ಚೀಸ್‌ಬ್ರೋ ಅದನ್ನು ಶುದ್ಧಗೊಳಿಸಿ 1872ರಲ್ಲಿ ಪೇಟೆಂಟ್ ಪಡೆದ. ಅದೇ ವ್ಯಾಸಲೀನ್. ಬೇಬಿ ಜೆಲ್ಲಿಯೂ ಇದೇ ಪೆಟ್ರೋಲಿಯಂ ಜೆಲ್ಲಿ. ಕೂದಲಿಗೆ ಬಣ್ಣ ಹಚ್ಚುವ ಮುನ್ನ ಹಣೆಯಂಚು, ಕಿವಿಯ ಮೇಲೆ ಸವರಿದರೆ ಚರ್ಮಕ್ಕೆ ಕಲೆ ಹಿಡಿಯದು. ರಾತ್ರಿ ಕಾಲು ತೊಳೆದು, ಬಿರಿದ ಹಿಮ್ಮಡಿಗೆ ಹಚ್ಚಿ ಸಾಕ್ಸ್ ಹಾಕಿಕೊಂಡರೆ ಮೃದುವಾಗುತ್ತದೆ. ಬ್ಯಾಗಿನ ಹಟಮಾರಿ ಜಿಪ್ಪಿಗೂ ಇದೇ ಮದ್ದು.

ಡಯಾಪರ್ ರ‍್ಯಾಶ್ ಕ್ರೀಮುಗಳ ಜೀವಾಳ ಜಿಂಕ್ ಆಕ್ಸೈಡ್. ಮಗುವಿನ ಚರ್ಮಕ್ಕೆ ತೇವ ತಾಗದಂತೆ ತಡೆಯುವ ಈ ಬಿಳಿ ಪದರ, ಬೇಸಿಗೆಯಲ್ಲಿ ತೊಡೆಸಂದಿ ಉಜ್ಜಿ ಕೆಂಪಾದಾಗ ದೊಡ್ಡವರಿಗೂ ಹಿತ. ಮೈದಾನದಲ್ಲಿ ಕ್ರಿಕೆಟಿಗರು ತುಟಿ, ಮೂಗಿಗೆ ಬಳಿದುಕೊಳ್ಳುವ ಬಿಳಿ ಲೇಪದಲ್ಲಿರುವುದೂ ಜಿಂಕ್ ಆಕ್ಸೈಡೇ. ಹಾಗೆಂದು ರ‍್ಯಾಶ್ ಕ್ರೀಮನ್ನು ಸನ್‌ಸ್ಕ್ರೀನ್ ಎಂದು ನಂಬಬೇಡಿ. ಎಷ್ಟು ಬಿಸಿಲು ತಡೆಯುತ್ತದೆ ಎಂಬ ಪರೀಕ್ಷೆ ಅದಕ್ಕೆ ಆಗಿರುವುದಿಲ್ಲ.

ಇಷ್ಟು ನೆನಪಿರಲಿ

• ಬೇಬಿ ಆಯಿಲ್ ಮಕ್ಕಳ ಕೈಗೆ ಸಿಗಬಾರದು. ಕುಡಿಯಲು ಹೋಗಿ ಶ್ವಾಸಕೋಶ ಸೇರಿದರೆ ಪ್ರಾಣಾಪಾಯ.

• ಪೌಡರನ್ನು ಮುಖದ ಹತ್ತಿರ ಕೊಡವಬೇಡಿ. ಮೊದಲು ಅಂಗೈಗೆ ಹಾಕಿಕೊಂಡು ಸವರಿ. ಎಳೆಯ ಮಗು ಪಕ್ಕದಲ್ಲಿದ್ದರೆ ಡಬ್ಬಿ ತೆರೆಯಲೇಬೇಡಿ.

• ಎಣ್ಣೆ ನೆಲಕ್ಕೆ ಬಿದ್ದರೆ ತಕ್ಷಣ ಸೋಪುನೀರಿನಿಂದ ಒರೆಸಿ. ಎಣ್ಣೆ ಹೀರಿದ ಬಟ್ಟೆಯನ್ನು ಒಲೆ, ದೀಪದ ಹತ್ತಿರ ಇಡಬೇಡಿ.

• ಬೇಬಿ ವೈಪ್ಸ್‌ನಿಂದ ಚಪ್ಪಲಿ ಒರೆಸಬಹುದು, ಸ್ವಿಚ್‌ಬೋರ್ಡನ್ನೂ ಒರೆಸಬಹುದು, ಆದರೆ ಮೇನ್ ಸ್ವಿಚ್ ಆಫ್ ಮಾಡಿದ ಮೇಲಷ್ಟೇ. ಹಲವು ವೈಪ್ಸ್‌ಗಳಲ್ಲಿ ಪ್ಲಾಸ್ಟಿಕ್ ನೂಲು ಇರುವುದರಿಂದ ಕಮೋಡಿಗೆ ಹಾಕಬೇಡಿ.

• ಹೊಸದಾಗಿ ಮುಖಕ್ಕೆ ಹಚ್ಚುವ ಮುನ್ನ ಮೊಣಕೈ ಒಳಭಾಗದಲ್ಲಿ ಸವರಿ ಒಂದು ದಿನ ಕಾಯಿರಿ. ಮೊಡವೆ ಇರುವವರು ಎಣ್ಣೆ, ಜೆಲ್ಲಿಯಿಂದ ದೂರವಿರುವುದು ಒಳಿತು.

• ಅವಧಿ ಮೀರಿದ್ದು ಮೈಗೆ ಬೇಡ. ಸಿಂಕ್ ಹೊಳಪಿಗೋ ಜಿಪ್ಪಿಗೋ ಸಾಕು.

ಈ ಉಪಯೋಗಗಳಿಗಾಗಿ ಹೊಸ ಡಬ್ಬಿ ಕೊಳ್ಳುವ ಅಗತ್ಯವಿಲ್ಲ. ಸೀರೆಯ ಜಿಡ್ಡಿಗೆ ಅಡುಗೆಮನೆಯ ಕಾರ್ನ್‌ಫ್ಲೋರ್, ಬೆಲೆಚೀಟಿಯ ಅಂಟಿಗೆ ಕೊಬ್ಬರಿ ಎಣ್ಣೆಯೂ ಆದೀತು. ಸೀಲು ಒಡೆಯದ ಕಿಟ್ ಇದ್ದರೆ, ಅವಧಿ ನೋಡಿ, ಬೀದಿಯಲ್ಲಿ ಹೊಸದಾಗಿ ಮಗುವಾದ ಮನೆಗೆ ಕೊಡಿ. ಒಡೆದದ್ದನ್ನು ಗುಣ ಅರಿತು, ಕೊನೆಯ ಹನಿಯವರೆಗೆ ನಿಮ್ಮ ಮನೆಗೇ ಬಳಸಿ.