ಕೈಕೆಲಸ ಬಲ್ಲವರ ಬರಿದಾದ ಸಿ.ವಿ.

ಬೆಳಗಾವಿ ಜಿಲ್ಲೆಯ ಚಿಂಚಲಿ ಎಂದರೆ ಹೊರಗಿನವರಿಗೆ ಮಾಯಕ್ಕ ದೇವಿಯ ಜಾತ್ರೆ. ಆದರೆ ಡಿಪ್ಲೊಮಾ, ಬಿ.ಇ. ಮುಗಿಸಿ ಕೆಲಸ ಹುಡುಕುವ ಇಲ್ಲಿನ ಹುಡುಗ ಹುಡುಗಿಯರಿಗೆ ಊರಿನ ರೈಲು ನಿಲ್ದಾಣವೂ ಅಷ್ಟೇ ಮುಖ್ಯ. ಮೀರಜ್–ಲೋಂಡಾ ಮಾರ್ಗದಲ್ಲಿ ಉತ್ತರಕ್ಕೆ ಹೊರಟರೆ ಕುಡಚಿ, ಸಕ್ಕರೆ ಕಾರ್ಖಾನೆಯ ಉಗಾರ, ಮೀರಜ್. ಅಲ್ಲಿಂದಾಚೆ ಕೊಲ್ಹಾಪುರದ ಫೌಂಡ್ರಿಗಳು. ದಕ್ಷಿಣಕ್ಕೆ ಹೊರಟರೆ ಬೆಳಗಾವಿಯ ಉದ್ಯಮಬಾಗ. ವಿಮಾನದ ಬಿಡಿಭಾಗ ತಯಾರಿಸುವ ಘಟಕಗಳು ಹತ್ತರಗಿಯಲ್ಲೇ ಇವೆ. ಇಂಜಿನಿಯರಿಂಗ್ ಕಾಲೇಜು ಚಿಕ್ಕೋಡಿಯಲ್ಲಿದೆ, ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿದೆ. ಕಲಿಕೆಯೂ ಕಾರ್ಖಾನೆಯೂ ಇಷ್ಟು ಹತ್ತಿರ ಇರುವಾಗ ಇವೆರಡರ ನಡುವೆ ಓಡಾಡಬೇಕಾದ ಒಂದು ಹಾಳೆ, ಅಂದರೆ ಸಿ.ವಿ., ಮಾತ್ರ ಸೊರಗಿದೆ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಒಬ್ಬರ ಫೈಲ್ ತೆರೆದು ಹೆಸರು ಬದಲಿಸಿ ಇನ್ನೊಬ್ಬರದು ಮಾಡುವ ರೂಢಿ ಎಷ್ಟು ಬೇರೂರಿದೆಯೆಂದರೆ, ನೂರು ಮಂದಿಯ ನೂರು ಸಿ.ವಿ.ಗಳು ಒಬ್ಬರೇ ಬರೆದಂತೆ ಕಾಣುತ್ತವೆ.

ಇದಕ್ಕೆ ಬರೀ ಸೋಮಾರಿತನವನ್ನು ದೂರಿದರೆ ಸಾಲದು. ನಮ್ಮ ಸಿ.ವಿ.ಯ ಅಚ್ಚು ಸರಕಾರಿ ಅರ್ಜಿಯಿಂದ ಬಂದದ್ದು. ತಂದೆಯ ಹೆಸರು, ಹುಟ್ಟಿದ ತಾರೀಖು, ಧರ್ಮ, ವಿವಾಹಿತರೇ ಅವಿವಾಹಿತರೇ, ಕಾಯಂ ವಿಳಾಸ, ಕೊನೆಗೆ ‘ಮೇಲಿನ ಮಾಹಿತಿ ಸತ್ಯವಾಗಿದೆ’ ಎಂಬ ಘೋಷಣೆ ಮತ್ತು ಸಹಿ. ಸರಕಾರಿ ನೇಮಕಾತಿಯಲ್ಲಿ ಇದಕ್ಕೆ ಅರ್ಥವಿದೆ. ಅಲ್ಲಿ ಅರ್ಜಿ ಹೇಳಬೇಕಾದದ್ದು ಅಭ್ಯರ್ಥಿ ಅರ್ಹನೋ ಅಲ್ಲವೋ ಎಂಬುದನ್ನು ಮಾತ್ರ; ಸಾಮರ್ಥ್ಯವನ್ನು ಅಳೆಯಲು ಮುಂದೆ ಪರೀಕ್ಷೆ ಇದ್ದೇ ಇರುತ್ತದೆ. ಖಾಸಗಿ ಕಂಪನಿಯಲ್ಲಿ ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂಬುದು ಆ ಹಾಳೆಯ ಮೇಲೆಯೇ ತೀರ್ಮಾನವಾಗುತ್ತದೆ. ಅಮೆರಿಕದ ಲ್ಯಾಡರ್ಸ್ ಎಂಬ ಉದ್ಯೋಗ ತಾಣ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೇಮಕಾತಿ ಮಾಡುವವರು ಒಂದು ರೆಸ್ಯೂಮೆಯ ಮೇಲೆ ಮೊದಲು ಹರಿಸುವ ನೋಟ ಸರಾಸರಿ 7.4 ಸೆಕೆಂಡಿನದು. ನಮ್ಮಲ್ಲಿ ಅದು ಇನ್ನಷ್ಟು ಹೊತ್ತು ಇದ್ದೀತು ಎಂದುಕೊಂಡರೂ, ತಂದೆಯ ಹೆಸರು ಮತ್ತು ಪಿನ್‌ಕೋಡ್ ಓದಿಸಿ ಆ ಹೊತ್ತನ್ನು ಕಳೆಯುವುದು ಜಾಣತನವಲ್ಲ.

ಈ ವೈಯಕ್ತಿಕ ವಿವರಗಳಿಂದ ಲಾಭವಿಲ್ಲ ಎನ್ನುವುದಷ್ಟೇ ಅಲ್ಲ, ನಷ್ಟವೂ ಉಂಟು. ಸುಖದೇವ್ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಅವರು ಪತ್ರಿಕೆಗಳ ಉದ್ಯೋಗ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದರಷ್ಟು ಇತ್ತು. ಹೆಸರೇ ಎಲ್ಲ ಹೇಳಿಬಿಡುವಾಗ ಉಳಿದದ್ದನ್ನು ಮುಚ್ಚಿಟ್ಟು ಏನು ಬಂತು ಎಂದು ಕೇಳಬಹುದು. ಹೆಸರನ್ನು ಬಿಡಲಾಗದು, ನಿಜ. ಪೂರ್ವಗ್ರಹಕ್ಕೆ ನಾವೇ ಇನ್ನಷ್ಟು ಇಂಬು ಕೊಡುವುದನ್ನಾದರೂ ಬಿಡಬಹುದು. ಹಾಗೆ ತೆರವಾದ ಜಾಗದಲ್ಲಿ ಕೆಲಸದ ಪುರಾವೆ ಕೂರಬೇಕು.

‘ಫ್ರೆಶರ್ ಬಳಿ ಪುರಾವೆ ಎಲ್ಲಿಂದ ಬರಬೇಕು?’ ಎಂಬುದು ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ಈ ಭಾಗದ ಮಟ್ಟಿಗಂತೂ ಅದು ನಿಲ್ಲುವುದಿಲ್ಲ. ಕೃಷ್ಣೆಯ ನೀರು, ಕಬ್ಬು, ಪಂಪ್‌ಸೆಟ್, ಟ್ರ್ಯಾಕ್ಟರ್ ಟ್ರೇಲರ್, ವೆಲ್ಡಿಂಗ್ ಅಂಗಡಿಗಳ ನಡುವೆ ಬೆಳೆದವರಲ್ಲಿ ಅನೇಕರ ಕೈಗೆ ಎಣ್ಣೆ ಮಸಿ ಹತ್ತಿರುತ್ತದೆ. ಅದನ್ನು ಮನೆಗೆಲಸವೆಂದು ಬದಿಗಿಟ್ಟು, ‘ಶ್ರಮಜೀವಿ, ತಂಡದಲ್ಲಿ ಬೆರೆಯುವ ಸ್ವಭಾವ, ಹೊಸದನ್ನು ಕಲಿಯುವ ಆಸಕ್ತಿ’ ಎಂದು ಬರೆಯುತ್ತಾರೆ. ಈ ಮಾತುಗಳನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಆದ್ದರಿಂದಲೇ ಅವು ಯಾರ ಬಗ್ಗೆಯೂ ಏನೂ ಹೇಳುವುದಿಲ್ಲ. ‘ಸಾಲಿಡ್‌ವರ್ಕ್ಸ್ ಬರುತ್ತದೆ’ ಎಂದು ವಿನ್ಯಾಸದ ಸಾಫ್ಟ್‌ವೇರ್ ಒಂದರ ಹೆಸರು ಹೇಳುವುದರ ಬದಲು, ಪದೇಪದೇ ಮುರಿಯುತ್ತಿದ್ದ ಟ್ರೇಲರ್ ಕೊಂಡಿಯನ್ನು ಅಳೆದು, ಸಾಲಿಡ್‌ವರ್ಕ್ಸ್‌ನಲ್ಲಿ ಮಾದರಿ ಮಾಡಿ, ಬೆಸುಗೆಯ ಜಾಗ ಬದಲಿಸಿದೆ; ಮುಂದಿನ ಕಬ್ಬಿನ ಹಂಗಾಮಿನುದ್ದಕ್ಕೂ ಅದು ಮುರಿಯಲಿಲ್ಲ ಎಂದು ಬರೆದರೆ ಸಮಸ್ಯೆ, ಸಾಧನ, ನಿರ್ಧಾರ, ಫಲ ನಾಲ್ಕೂ ಒಂದೇ ಸಾಲಿನಲ್ಲಿ ಬರುತ್ತವೆ. ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೂ ಇದೇ ನಿಯಮ: ಬರೀ ಶೀರ್ಷಿಕೆ ಸಾಲದು, ನಾಲ್ವರ ತಂಡದಲ್ಲಿ ತನ್ನ ಪಾಲಿನ ಕೆಲಸ ಯಾವುದು, ಅಳತೆಯಲ್ಲಿ ಎಷ್ಟು ವ್ಯತ್ಯಾಸ ಬಂತು, ಯಾವ ಪರೀಕ್ಷೆಯಲ್ಲಿ ಸೋತಿತು ಎಂಬುದೂ ಬೇಕು. ಮಾಡದ ಕೆಲಸವನ್ನು ಸೇರಿಸಿದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ವಿನ್ಯಾಸ ಕ್ಷೇತ್ರದ ಕೆಲಸಕ್ಕೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ಸಿ.ವಿ.ಯ ಜೊತೆಗೆ ಪೋರ್ಟ್‌ಫೋಲಿಯೊ ಇರಲೇಬೇಕು, ಸಿ.ವಿ.ಯ ಅಕ್ಷರ, ಅಂಚು, ಅಂತರವೂ ಅಭ್ಯರ್ಥಿಯ ಕೈಗುಣದ ಮಾದರಿಯೇ. ಪೋರ್ಟ್‌ಫೋಲಿಯೊದಲ್ಲಿ ಇಪ್ಪತ್ತು ಚಂದದ ಚಿತ್ರಗಳಿಗಿಂತ, ಮೊದಲ ಗೀಟಿನಿಂದ ಕೊನೆಯ ರೂಪದವರೆಗೆ ತೋರಿಸಿದ ನಾಲ್ಕೈದು ಕೆಲಸ ಮೇಲು. ಇದಕ್ಕೆ ವಿಷಯವೂ ದೂರವಿಲ್ಲ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡಕ್ಕೂ ಸೇರಿದಂತೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು. 2025ರಲ್ಲಿ ಪ್ರಾಡಾ ಎಂಬ ಫ್ಯಾಷನ್ ಕಂಪನಿ ಮಿಲಾನ್‌ನಲ್ಲಿ ಅದನ್ನೇ ಹೋಲುವ ಚಪ್ಪಲಿ ಪ್ರದರ್ಶಿಸಿ ಟೀಕೆಗೆ ಗುರಿಯಾಯಿತು. ಅಟ್ಟೆ ಏಕೆ ಅಷ್ಟು ದಪ್ಪ, ಕಾಲಿಗೆ ಎಲ್ಲಿ ಒತ್ತುತ್ತದೆ ಎಂದು ಕುಶಲಕರ್ಮಿಯ ಪಕ್ಕ ಕೂತು ದಾಖಲಿಸಿ, ಅವರ ಶ್ರೇಯವನ್ನು ಅವರಿಗೇ ಕೊಟ್ಟು, ಒಂದು ಸುಧಾರಣೆ ಸೂಚಿಸಿದ ವಿದ್ಯಾರ್ಥಿಯ ಬಳಿ ದೊಡ್ಡ ನಗರದ ಕಾಲೇಜಿನವರಲ್ಲಿ ಇಲ್ಲದ ಸರಕಿರುತ್ತದೆ.

‘ಈಗ ಸಿ.ವಿ.ಯನ್ನು ಮೊದಲು ಓದುವುದು ಸಾಫ್ಟ್‌ವೇರ್, ಮನುಷ್ಯರಲ್ಲ’ ಎನ್ನುವವರಿದ್ದಾರೆ. ದೊಡ್ಡ ಕಂಪನಿಗಳ ಮಟ್ಟಿಗೆ ಇದು ಸರಿ. ಹಾಗಾಗಿ ಜಾಹೀರಾತಿನಲ್ಲಿ ಬಳಸಿದ ಪದಗಳನ್ನೇ, ಅವು ತನಗೆ ನಿಜವಾಗಿ ಅನ್ವಯಿಸುವಲ್ಲಿ, ಬಳಸಬೇಕು. ಕೋಷ್ಟಕ, ಫೋಟೊ ಬಿಟ್ಟು ಒಂದೇ ಕಾಲಮ್ಮಿನ ಸರಳ ಹಾಳೆ ಮಾಡಬೇಕು. ಆದರೆ ಜರಡಿ ದಾಟಿದ ಮೇಲೆ ಓದುವುದು ಮನುಷ್ಯರೇ. ಇಂಗ್ಲಿಷ್ ಬರದೆಂಬ ಅಳುಕಿಗೂ ಇಲ್ಲೇ ಮದ್ದಿದೆ: ಅಳತೆ, ಯಂತ್ರದ ಹೆಸರು, ಕ್ರಿಯಾಪದ ಇರುವ ಸಣ್ಣ ವಾಕ್ಯಕ್ಕೆ ಭಾರೀ ಇಂಗ್ಲಿಷ್ ಬೇಡ. ಗಡಿಭಾಗದವರು ಸಹಜವಾಗಿ ಆಡುವ ಕನ್ನಡ, ಮರಾಠಿ, ಹಿಂದಿಗಳು ಸಾಂಗಲಿ, ಪುಣೆಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಬರುವ ಅರ್ಹತೆಗಳು, ಅವನ್ನೂ ಕಾಣಿಸಬೇಕು. ವಶೀಲಿ ಇಲ್ಲದೆ ಏನೂ ನಡೆಯದು ಎಂಬ ನಿರಾಶೆಯಲ್ಲಿ ಸತ್ಯಾಂಶವಿದೆ, ಪೂರ್ಣ ಸತ್ಯವಿಲ್ಲ. ಪರಿಚಯದವರು ನಿಮ್ಮ ಹೆಸರು ಹೇಳಿದರೂ, ಅವರ ಮಾತಿಗೆ ಬಲ ತುಂಬುವ ಹಾಳೆ ನಿಮ್ಮದೇ ಆಗಿರಬೇಕು.

ಉಳಿದದ್ದು ಸಂಕೋಚ: ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂಬ ಸಂಸ್ಕಾರ. ಇದಕ್ಕೆ ಉತ್ತರವೂ ಈ ನೆಲದಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯಲ್ಲಿ ಚಿತ್ರಕಲೆ ಕಲಿಯಲು ಹೋಗಿ, ಬಣ್ಣ ಗುರುತಿಸುವಲ್ಲಿನ ದೃಷ್ಟಿದೋಷದಿಂದ ಯಂತ್ರಗಳ ಡ್ರಾಯಿಂಗಿನತ್ತ ಹೊರಳಿದವರು. ಕಬ್ಬಿಣ ನೆಲಕ್ಕೆ ವಿಷವೆಂದು ನಂಬಿದ್ದ ರೈತರಿಗೆ ಅವರು ಕಬ್ಬಿಣದ ನೇಗಿಲು ಮಾರಬೇಕಿತ್ತು. ಆ ನಂಬಿಕೆಯನ್ನು ಕರಗಿಸಿದ್ದು ಹೊಗಳಿಕೆಯಲ್ಲ, ಹೊಲದಲ್ಲಿ ಉತ್ತ ನೇಗಿಲು. ಮಾಡಿದ ಕೆಲಸವನ್ನು ಅಳತೆ ಸಮೇತ ಹೇಳುವುದು ಜಂಬವಲ್ಲ, ಓದುವವರು ಪರೀಕ್ಷಿಸಿ ನೋಡಲು ಕೊಡುವ ಅವಕಾಶ. ಕಾಲೇಜುಗಳ ಉದ್ಯೋಗ ವಿಭಾಗಗಳು ಕೊನೆಯ ಸೆಮಿಸ್ಟರಿನಲ್ಲಿ ಸಿದ್ಧ ನಮೂನೆ ಹಂಚುವುದನ್ನು ನಿಲ್ಲಿಸಿ, ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳಿಂದ ಕೆಲಸದ ದಿನಚರಿ ಬರೆಸಿದರೆ, ಸಿ.ವಿ. ಬರೆಯುವ ಹೊತ್ತಿಗೆ ಏನು ಸೇರಿಸಲಿ ಎಂಬ ಚಿಂತೆ ಹೋಗಿ, ಏನು ಬಿಡಲಿ ಎಂಬ ಚಿಂತೆ ಹುಟ್ಟುತ್ತದೆ.